ಗೋದಲಿಯ ಹುಲ್ಲನ್ನು ಮಕ್ಕಳೇ ಬೆಳೆಸಲಿ
ಕ್ರಿಸ್‌ಮಸ್ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಂದ ತೋರಿಸುವ ಅಲಂಕಾರಕ್ಕೆ, ಹಸಿರು ಕಾಗದವನ್ನೋ ಪ್ಲಾಸ್ಟಿಕ್ ಹುಲ್ಲನ್ನೋ ಕೊಳ್ಳುವ ಬದಲು, ಪ್ರತಿ ಮಗುವಿಗೂ ತಳದಲ್ಲಿ ತೂತು ಮಾಡಿದ ಒಂದು ಅಗಲವಾದ ಡಬ್ಬಿ ಕೊಟ್ಟು, ಚಿಕ್ಕವರಿಂದ ಡಿಸೆಂಬರ್ 11ರ ಸುಮಾರಿಗೆ ರಾಗಿಯನ್ನೂ ದೊಡ್ಡವರಿಂದ 14ರ ಸುಮಾರಿಗೆ ಗೋಧಿಯನ್ನೂ ಬಿತ್ತಿಸಿ. ಒಂದು ರಾತ್ರಿ ನೆನೆಸಿದ ಕಾಳನ್ನು ಎರಡು ಬೆರಳು ದಪ್ಪದ ಮಣ್ಣಿನ ಮೇಲೆ ಒತ್ತಾಗಿ ಹರಡಿ, ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಮೊದಲ ದಿನಗಳ ಬೆಳವಣಿಗೆಗೆ ಬೇಕಾದ ಆಹಾರ ಕಾಳಿನೊಳಗೇ ಇರುವುದರಿಂದ ಗೊಬ್ಬರ ಬೇಕಿಲ್ಲ. ನಮ್ಮ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾಗಿ ನಿಧಾನವಾಗಿ, ಗಿಡ್ಡವಾಗಿ ಬರುವುದರಿಂದ ಕುರಿಗಳು ಮೇಯುವ ಬಯಲಾಗುತ್ತದೆ, ಬೇಗ ಎತ್ತರವಾಗುವ ಗೋಧಿ ಹಿಂಬದಿಯ ಹೊಲವಾಗುತ್ತದೆ. ನನ್ನ ಮಟ್ಟಿಗೆ ಇದರ ನಿಜವಾದ ಲಾಭವೆಂದರೆ, ದಿನವೂ ನೀರು ಚಿಮುಕಿಸುವ ಮಗುವಿಗೆ 24ರ ರಾತ್ರಿ ಬಾಲಯೇಸುವನ್ನು ಮಲಗಿಸುವ ಜಾಗ ತಾನೇ ಸಿದ್ಧಪಡಿಸಿದ್ದು ಎಂಬ ಸಂತೋಷ ಸಿಗುವುದು. ಹಳೆಯ, ಹುಳು ಹಿಡಿದ ಕಾಳು ಸರಿಯಾಗಿ ಮೊಳೆಯುವುದಿಲ್ಲ. ನೀರು ನಿಂತರೆ ಬೂಷ್ಟು ಕಟ್ಟುತ್ತದೆ. ಬೆಳಕಿಲ್ಲದ ಮೂಲೆಯಲ್ಲಿಟ್ಟರೆ ಪೈರು ಹಳದಿಯಾಗಿ ಮಲಗಿಬಿಡುತ್ತದೆ, ಆದ್ದರಿಂದ ಹಬ್ಬದ ಮುನ್ನಾದಿನದವರೆಗೆ ಡಬ್ಬಿಗಳು ಕಿಟಕಿಯ ಬಳಿಯೇ ಇರಲಿ. ಮಣ್ಣಿನ ಬೊಂಬೆಗಳು ತೇವ ಹೀರಿ ಬಣ್ಣ ಬಿಡುವುದುಂಟು, ಅವುಗಳ ಕೆಳಗೆ ಹೆಂಚಿನ ಚೂರು ಇಡಿ. ಜನವರಿ 6ರವರೆಗೆ ಗೋದಲಿ ಇಡುವವರು ಉದ್ದವಾದ ಗೋಧಿ ಪೈರನ್ನು ಕತ್ತರಿಯಿಂದ ಸವರಿದರೆ ಅದು ಮತ್ತೆ ಚಿಗುರುತ್ತದೆ.