ವಿಂಡೋಸ್ 11: ಕೊಟೇಶನ್ ಕೇಳುವ ಮೊದಲು ಇಷ್ಟು ನೋಡಿ

ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ತೇಪೆ ತಾನಾಗಿ ಸಿಗುವುದಿಲ್ಲ. ಬ್ಯಾಂಕಿಂಗ್, ಜಿಎಸ್‌ಟಿ ಕೆಲಸ ಮಾಡುವವರು ಇದನ್ನು ಉದಾಸೀನ ಮಾಡಬಾರದು. ಹಾಗೆಂದು ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಹೊಸ ಸಿಸ್ಟಮ್‌ಗೆ ಅಡ್ವಾನ್ಸ್ ಕೊಡಬೇಕಾಗಿಯೂ ಇಲ್ಲ. ಅಸಲಿ ವಿಂಡೋಸ್ 10 ಇದ್ದು, ಯಂತ್ರ ಅರ್ಹವಾಗಿದ್ದರೆ ವಿಂಡೋಸ್ 11 ಉಚಿತ. ಖರ್ಚು ಬರುವುದು ಬಿಡಿಭಾಗ, ಬ್ಯಾಕಪ್ ಮತ್ತು ಹಳೆಯ ಸಾಫ್ಟ್‌ವೇರ್‌ಗಳಿಂದ.

ಮೊದಲು ಪ್ರೊಸೆಸರ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್. ಇಂಟೆಲ್ ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂದರೆ ಎಂಟನೇ ತಲೆಮಾರು. ಸಾಮಾನ್ಯವಾಗಿ ಅಲ್ಲಿಂದ ಮೇಲಿನವು ನಡೆಯುತ್ತವೆ. ಐ5-7200ಯು ಏಳನೆಯದು, ನಡೆಯುವುದಿಲ್ಲ. ಅದೇ ಪುಟದಲ್ಲಿ 32 ಬಿಟ್ ಎಂದಿದ್ದರೆ ನೇರ ಅಪ್‌ಗ್ರೇಡ್ ಆಗದು. ಪ್ರೊಸೆಸರ್ ಅರ್ಹವಾಗಿದ್ದರೂ ಎಲ್ಲವನ್ನೂ ಅಳಿಸಿ ಹೊಸದಾಗಿಯೇ ಹಾಕಬೇಕು. ಅಂತಿಮ ತೀರ್ಪಿಗೆ ಮೈಕ್ರೋಸಾಫ್ಟ್‌ನ ಉಚಿತ ‘ಪಿಸಿ ಹೆಲ್ತ್ ಚೆಕ್’ ಓಡಿಸಿ.

ಪ್ರೊಸೆಸರ್ ಸರಿ ಇದ್ದೂ ‘ಟಿಪಿಎಂ 2.0 ಇಲ್ಲ’ ಎಂದು ಬಂದರೆ ಮದರ್‌ಬೋರ್ಡ್ ಬದಲಿಸಲು ಹೊರಡಬೇಡಿ. ಟಿಪಿಎಂ ಎಂದರೆ ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ. ಬಹಳಷ್ಟು ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ, ವಿಂಡೋಸ್ ಏಳುವ ಮೊದಲೇ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ. ಇದಕ್ಕೆ ಯಾರಾದರೂ ಬಿಡಿಭಾಗದ ಬಿಲ್ ಹಾಕಿದರೆ ಕಾರಣ ಕೇಳಿ.

ಬಯಾಸ್ ಮುಟ್ಟುವ ಮೊದಲು ಎರಡು ಎಚ್ಚರಿಕೆ. ಡಿಸ್ಕ್‌ಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಯಾಸ್ ಬದಲಾದ ಮೇಲೆ ಯಂತ್ರ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ಕಡತಗಳೇ ಹೋದಂತೆ. ಎರಡನೆಯದು, ಡಿಸ್ಕ್ ಹಳೆಯ ಎಂಬಿಆರ್ ವಿಭಜನೆ ಮಾದರಿಯದಾಗಿದ್ದು ನೀವು ಬಯಾಸ್‌ನಲ್ಲಿ ಯಂತ್ರ ಏಳುವ ವಿಧಾನವನ್ನು ಹಳೆಯ ಲೆಗಸಿಯಿಂದ ಹೊಸ ಯುಇಎಫ್‌ಐಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಡೇಟಾ ಬ್ಯಾಕಪ್ ಮಾಡಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಉಪಕರಣದಿಂದ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಪರಿವರ್ತಿಸಿದ ಮೇಲೆಯೇ ಆ ಬದಲಾವಣೆ.

ಇನ್ನು ಬಿಡಿಭಾಗ. ನಿಯಮದ ಪ್ರಕಾರ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಸಾಕು. ಕೆಲಸಕ್ಕೆ ಸಾಲದು. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಹೊಸ ಮಾದರಿಯ ಡಿಸ್ಕ್) ಇಲ್ಲದೆ ವಿಂಡೋಸ್ 11 ಹಾಕಿಸಬೇಡಿ ಎಂದೇ ನಮ್ಮ ಸಲಹೆ. ಒಂದಕ್ಕೇ ದುಡ್ಡಿದ್ದರೆ, ಹಳೆಯ ಹಾರ್ಡ್‌ಡಿಸ್ಕ್ ಇರುವವರು ಮೊದಲು ಎಸ್‌ಎಸ್‌ಡಿ ಹಾಕಿಸಲಿ; ವ್ಯತ್ಯಾಸ ತಕ್ಷಣ ಕಾಣುವುದು ಅಲ್ಲಿಯೇ. ತೆಗೆದ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿದರೆ ಅದೇ ಬ್ಯಾಕಪ್ ಡಿಸ್ಕ್ ಆಗುತ್ತದೆ. ರ‍್ಯಾಮ್ ಕೊಳ್ಳುವಾಗ ಡಿಡಿಆರ್3 ಅಥವಾ ಡಿಡಿಆರ್4 ಎಂದು ಹಳೆಯ ತುಂಡನ್ನೇ ತೋರಿಸಿ ಹೊಂದಿಸಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಹೆಚ್ಚಿಸಲು ಬರುವುದಿಲ್ಲ. ಕೊಟೇಶನ್‌ನಲ್ಲಿ ಭಾಗದ ಬೆಲೆ, 18% ಜಿಎಸ್‌ಟಿ, ಕೂಲಿ, ಡೇಟಾ ವರ್ಗಾವಣೆ ಬೇರೆ ಬೇರೆ ಬರೆಸಿ.

ಆಫೀಸಿನವರು ನಿಜಕ್ಕೂ ಸಿಕ್ಕಿಬೀಳುವುದು ಹಳೆಯ ಸಾಧನಗಳಲ್ಲಿ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇವಕ್ಕೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ತಯಾರಕರ ತಾಣದಲ್ಲಿ ಮೊದಲೇ ನೋಡಿ. ಟ್ಯಾಲಿ ಡೇಟಾ ಮತ್ತು ಲೈಸೆನ್ಸ್ ವಿವರ ಪ್ರತ್ಯೇಕವಾಗಿ ತೆಗೆದಿಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿರುವ ಪತ್ರಗಳಿದ್ದರೆ ಆ ಫಾಂಟ್ ಕಡತಗಳನ್ನೂ ನಕಲು ಮಾಡಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಡೌನ್‌ಲೋಡ್ ಹಲವು ಜಿಬಿ ಇರುತ್ತದೆ, ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ಸಾಲದು. ಲ್ಯಾಪ್‌ಟಾಪನ್ನು ಚಾರ್ಜರ್‌ಗೆ, ಡೆಸ್ಕ್‌ಟಾಪನ್ನು ಯುಪಿಎಸ್‌ಗೆ ಹಾಕಿ. ಜೂನ್‌-ಜುಲೈಯ ಜೋರು ಮಳೆಯಲ್ಲಿ, ಮೆಸ್ಕಾಂ ಕರೆಂಟ್ ಹೋಗಿ ಬರುವ ಸಂಜೆಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಯಂತ್ರ ಅರ್ಹವಲ್ಲದಿದ್ದರೆ? ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಸಮಯ ಸಿಗುತ್ತದೆ. ವಿಂಡೋಸ್ 10 ಮೊದಲು 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ ಸೆಟ್ಟಿಂಗ್ಸನ್ನು ಆ ಖಾತೆಗೆ ಸಿಂಕ್ ಮಾಡಿದರೆ ಉಚಿತ, ಇಲ್ಲದಿದ್ದರೆ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ ಅಥವಾ 30 ಡಾಲರ್. ಬರೀ ಬ್ರೌಸರ್, ಇಮೇಲ್, ಪತ್ರ ಟೈಪಿಂಗ್ ಮಾಡುವವರಿಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಅರ್ಹತೆಯ ಪರೀಕ್ಷೆ ತಪ್ಪಿಸಿ ವಿಂಡೋಸ್ 11 ತುರುಕಿಸಿಕೊಳ್ಳುವುದಕ್ಕೆ ಮಾತ್ರ ಕೂಲಿ ಕೊಡಬೇಡಿ, ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳ ಖಾತರಿ ಇಲ್ಲ.

ಅಪ್‌ಗ್ರೇಡ್ ಆದ ಮೇಲೆ ಹಿಂತಿರುಗಲು 10 ದಿನವಿದೆ. ಅಷ್ಟರೊಳಗೆ ಪ್ರಿಂಟರ್, ಟೋಕನ್, ಟ್ಯಾಲಿ ಎಲ್ಲವನ್ನೂ ಒಮ್ಮೆ ಬಳಸಿ ನೋಡಿ. ಅಲ್ಲಿಯವರೆಗೆ ಸಿ ಡ್ರೈವ್‌ನ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಬೇಡಿ.