ಸ್ಯಾನ್ ವಾನ್ ಸ್ಕೈವೇ: ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ ಬಗೆ

ಅಮೆರಿಕದ ಕೊಲೊರಾಡೊ ರಾಜ್ಯದ ಕೆಲವು ರಸ್ತೆಗಳ ಪಕ್ಕ ನೀಲಿ ಕೊಲಂಬೈನ್ ಹೂವಿನ ಬೋರ್ಡ್ ಕಾಣುತ್ತದೆ. ಅದು ರಾಜ್ಯ ಸರ್ಕಾರ ಗುರುತಿಸಿದ ಸೀನಿಕ್ ಅಂಡ್ ಹಿಸ್ಟಾರಿಕ್ ಬೈವೇ. 1989ರಲ್ಲಿ ಈ ಯೋಜನೆ ಶುರುವಾಯಿತು, ಈಗ ಇಂಥ 26 ದಾರಿಗಳಿವೆ. ಬರೀ ನೋಟ ಚೆನ್ನಾಗಿದ್ದರೆ ಸಾಲದು, ಆ ದಾರಿಗೊಂದು ಚರಿತ್ರೆಯೂ ಇರಬೇಕು. ನನಗೆ ಈ ಯೋಜನೆ ತುಂಬಾ ಇಷ್ಟವಾಗಿರುವುದು ಅದಕ್ಕೇ.

ಊರಿಂದ ಅಪ್ಪ ಅಮ್ಮ ಬಂದಾಗ ಅವುಗಳಲ್ಲೊಂದಾದ ಸ್ಯಾನ್ ವಾನ್ ಸ್ಕೈವೇ ಆರಿಸಿದೆ. 236 ಮೈಲಿಯ, ಅಂದರೆ ಸುಮಾರು 380 ಕಿ.ಮೀ. ಸುತ್ತು. ಡುರಾಂಗೊ, ಸಿಲ್ವರ್ಟನ್, ಯುರೇ, ಟೆಲ್ಯುರೈಡ್, ಕಾರ್ಟೆಜ್ ದಾಟಿ ಮತ್ತೆ ಡುರಾಂಗೊ. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಯಸ್ಸಾದವರಿದ್ದರಂತೂ ಬೇಡವೇ ಬೇಡ. ಸಿಲ್ವರ್ಟನ್ ಪೇಟೆಯೇ 9,318 ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎಷ್ಟೋ ಮೇಲೆ. ಹಾಗಾಗಿ ಮೊದಲ ರಾತ್ರಿ ಡುರಾಂಗೊದಲ್ಲೇ ಉಳಿದೆವು. ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಮ್ಯಾಪ್ ಫೋನಿಗೆ ಇಳಿಸಿಕೊಂಡು ಹೊರಟೆವು. ಬೆಟ್ಟದಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ.

ಯಾವ ದಿಕ್ಕಿನಿಂದ ಸುತ್ತಬೇಕು ಅನ್ನುವುದು ಮುಖ್ಯ. ಸಿಲ್ವರ್ಟನ್‌ನಿಂದ ಯುರೇಗೆ ಹೋಗುವ ರಸ್ತೆಗೆ ಮಿಲಿಯನ್ ಡಾಲರ್ ಹೈವೇ ಅಂತ ಹೆಸರು. ಯುರೇ ಹತ್ತಿರ ಬಂದಂತೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದ ಕಮರಿ. ಬಹಳ ಕಡೆ ತಡೆಗೋಡೆಯೇ ಇಲ್ಲ. ಚಳಿಗಾಲದಲ್ಲಿ ಹಿಮವನ್ನು ಅಂಚಿನಿಂದ ಆಚೆ ತಳ್ಳಲು ಜಾಗ ಬೇಕಲ್ವಾ! ಇಲ್ಲಿ ಗಾಡಿ ಓಡುವುದು ಬಲಗಡೆ. ಆದ್ದರಿಂದ ದಕ್ಷಿಣದಿಂದ ಉತ್ತರಕ್ಕೆ ಹೋದರೆ ನೀವು ಬಂಡೆಯ ಕಡೆಯ ಲೇನಿನಲ್ಲಿ ಇರುತ್ತೀರಿ. ನಾವು ಹಾಗೇ ಹೋದೆವು. ಅಮ್ಮ ನಿರಾಳವಾಗಿ ಕಿಟಕಿಯಾಚೆ ನೋಡುತ್ತಾ ಬಂದರು.

ಈ ರಸ್ತೆಯ ಹಿಂದೆ ಆಟೊ ಮಿಯರ್ಸ್ ಅನ್ನುವವನ ಸಾಹಸವಿದೆ. 1880ರ ದಶಕದಲ್ಲಿ ಗಣಿಗಳಿಗಾಗಿ ಅವನು ಇಲ್ಲಿ ಸುಂಕದ ರಸ್ತೆ ಮಾಡಿಸಿದ. ಈ ರಸ್ತೆ ಬೆಟ್ಟ ದಾಟುವ ಜಾಗವಾದ ರೆಡ್ ಮೌಂಟನ್ ಪಾಸ್ ಸುಮಾರು 11,000 ಅಡಿ ಎತ್ತರ. ಕಬ್ಬಿಣದ ಅಂಶದಿಂದ ಬೆಟ್ಟವೆಲ್ಲ ಕೆಂಪು. ಹಳೆಯ ಗಣಿಗಳ ಮರದ ಗೋಪುರಗಳು ಇನ್ನೂ ನಿಂತಿವೆ. ಇಲ್ಲಿ ಹಿಮ ತೆಗೆಯುವಾಗ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಚಾಲಕರ ನೆನಪಿಗೆ ಒಂದು ಕಲ್ಲನ್ನೂ ನಿಲ್ಲಿಸಿದ್ದಾರೆ.

ಬೆಳ್ಳಿ, ಚಿನ್ನದ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರದ್ದು. ಅಮೆರಿಕ ಸರ್ಕಾರದ ಜೊತೆ ಆದ 1873ರ ಬ್ರೂನೊ ಒಪ್ಪಂದದಲ್ಲಿ ಈ ಬೆಟ್ಟಗಳು ಅವರ ಕೈತಪ್ಪಿದವು. ಯುರೇ ಊರಿಗೆ ಇಟ್ಟಿರುವುದೂ ಒಬ್ಬ ಯೂಟ್ ನಾಯಕನ ಹೆಸರನ್ನೇ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ತುಂಬಾ ಹೊತ್ತು ಅದನ್ನೇ ಕೇಳುತ್ತಿದ್ದರು: ಈಗ ಅವರೆಲ್ಲಿ ಇದ್ದಾರೆ? ಡುರಾಂಗೊ ಪಕ್ಕದ ಇಗ್ನೇಶಿಯೊದಲ್ಲಿ ದಕ್ಷಿಣ ಯೂಟರ ಆಡಳಿತವಿದೆ, ಅವರ ಮ್ಯೂಸಿಯಂ ಇದೆ. ಅದು ಈ ಸುತ್ತಿನೊಳಗೆ ಬರುವುದಿಲ್ಲ, ಆದರೂ ಸೇರಿಸಿಕೊಳ್ಳಿ.

ಯುರೇಯಲ್ಲಿ ಒಂದು ರಾತ್ರಿ ಉಳಿದೆವು. ಟೆಲ್ಯುರೈಡ್ ದುಬಾರಿ, ಊಟ ಮಾಡಿ ಮುಂದೆ ಹೋದರೆ ಸಾಕು. ಲಿಝರ್ಡ್ ಹೆಡ್ ಪಾಸ್ ಮಾತ್ರ ಆತುರದಲ್ಲಿ ದಾಟಬೇಡಿ. ಸೆಪ್ಟೆಂಬರ್ ಕೊನೆಯಲ್ಲಿ ಆಸ್ಪೆನ್ ಮರಗಳು ಪೂರ್ತಿ ಹಳದಿಯಾಗಿರುತ್ತವೆ.

ಕೊನೆಯ ದಿನವನ್ನು ಕಾರ್ಟೆಜ್ ಹತ್ತಿರದ ಮೇಸಾ ವರ್ಡೆಗೇ ಇಡಿ. 1906ರಿಂದ ಅದು ರಾಷ್ಟ್ರೀಯ ಉದ್ಯಾನ. ಪ್ಯೂಬ್ಲೊ ಅನ್ನುವ ಮೂಲನಿವಾಸಿ ಜನರ ಪೂರ್ವಜರು ಬಂಡೆಯ ಪೊಟರೆಯಲ್ಲಿ ಕಟ್ಟಿದ ಕ್ಲಿಫ್ ಪ್ಯಾಲೇಸ್‌ನಲ್ಲಿ ಸುಮಾರು 150 ಕೋಣೆಗಳಿವೆ. ಒಳಗೆ ಹೋಗಲು ರೇಂಜರ್ ಜೊತೆಗಿನ ಟೂರ್‌ಗೆ ಮೊದಲೇ ಟಿಕೆಟ್ ಮಾಡಿಸಬೇಕು. ಏಣಿ ಹತ್ತಬೇಕಾಗುತ್ತದೆ. ಅಮ್ಮನ ಮಂಡಿಗೆ ಅದು ಆಗುತ್ತಿರಲಿಲ್ಲ, ಹಾಗಾಗಿ ಅವರ ಜೊತೆ ಮೇಲಿನ ಕಟ್ಟೆಯಲ್ಲೇ ನಿಂತು ನೋಡಿದೆ. ಅಲ್ಲಿಂದಲೂ ಪೂರ್ತಿ ಕಾಣುತ್ತದೆ. ಉದ್ಯಾನದ ಗೇಟಿನಿಂದ ಅಲ್ಲಿಗೆ ಹೋಗಲು ಮುಕ್ಕಾಲು ಗಂಟೆ ಬೇಕು, ಟೂರ್ ಸಮಯ ಗೊತ್ತುಮಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.