ಹುರಿದ ತಾರೀಖಿನಿಂದ ಲೋಟದವರೆಗೆ: ಮನೆಯ ಫಿಲ್ಟರ್ ಕಾಫಿ ನಾನು ಮಾಡುವ ರೀತಿ

ಕಾಫಿ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಮನೆಯ ಪುಡಿ ಹುರಿದು ಎಷ್ಟು ದಿನವಾಯಿತು ಅಂತ. ಈ ಎರಡಕ್ಕೂ ನೇರ ಸಂಬಂಧವಿದೆ. ಹಳೆಯ ಪುಡಿಯಲ್ಲಿ ಘಮ ಹೋಗಿ ಕಹಿ ಮಾತ್ರ ಉಳಿದಿರುತ್ತದೆ. ಆ ಕೊರತೆ ತುಂಬಲು ಪುಡಿ ಜಾಸ್ತಿ ಹಾಕುತ್ತೇವೆ, ಗಟ್ಟಿ ಕಾಣಲಿ ಎಂದು ಚಿಕೋರಿ ಹೆಚ್ಚಿಸುತ್ತೇವೆ, ಕಹಿ ಅಡಗಲಿ ಎಂದು ಸಕ್ಕರೆ ಎರಡು ಚಮಚಕ್ಕೆ ಏರಿಸುತ್ತೇವೆ. ಕಾಫಿಯ ಮೇಲೆ ಬರುವ ದೂರಿನಲ್ಲಿ ದೊಡ್ಡ ಪಾಲು ಈ ಸೇರಿಕೆಗಳದ್ದು. ಪುಡಿ ತಾಜಾ ಇದ್ದರೆ ಅರ್ಧ ಚಮಚ ಸಕ್ಕರೆಯಲ್ಲೇ ಲೋಟ ಮುಗಿಯುತ್ತದೆ.

ನಾನು ಪುಡಿ ಕೊಳ್ಳುವುದಿಲ್ಲ. ಹುರಿದ ಬೀಜವನ್ನು ಒಂದು ಸಲಕ್ಕೆ 250 ಗ್ರಾಂ ಮಾತ್ರ ತರುತ್ತೇನೆ. ಪೊಟ್ಟಣದ ಮೇಲೆ ಇರುವ 'ಇಂಥ ದಿನದೊಳಗೆ ಬಳಸಿ' ಎಂಬುದು ಕೆಡುವುದಿಲ್ಲ ಎಂಬ ಭರವಸೆಯೇ ಹೊರತು ಘಮದ ಲೆಕ್ಕವಲ್ಲ. ಪ್ಯಾಕ್ ಮಾಡಿದ ತಾರೀಖೂ ಸಾಲದು, ಹುರಿದು ತಿಂಗಳಾದ ಬೀಜವನ್ನು ನಿನ್ನೆ ಪ್ಯಾಕ್ ಮಾಡಿರಬಹುದು. ಬೇಕಾದದ್ದು ಹುರಿದ ತಾರೀಖು. ಅಂಗಡಿಯಲ್ಲೇ ಹುರಿಯುವವರಾದರೆ ಬಾಯಿಬಿಟ್ಟು ಕೇಳಿ, ಹೇಳುತ್ತಾರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಮೊದಲ ಎರಡು ಮೂರು ದಿನ ಅದು ವಿಪರೀತ ಹೊರಬರುವುದರಿಂದ ನೀರು ಪುಡಿಯೊಳಗೆ ಸರಿಯಾಗಿ ಇಳಿಯುವುದಿಲ್ಲ, ರುಚಿಯೂ ಒರಟು. ನಾಲ್ಕನೇ ದಿನದಿಂದ ಮೂರು ವಾರ ಒಳ್ಳೆಯ ಕಾಲ. ಐದು ವಾರ ದಾಟಿದ ಮೇಲೆ ಬೀಜ ಕುಡಿಯಲು ಬಂದರೂ ಮೂಗಿಗೆ ಏನೂ ಸಿಗುವುದಿಲ್ಲ. ಪುಡಿ ಮಾಡಿದರೆ ಈ ಕಾಲವೆಲ್ಲ ಏಳರಿಂದ ಹತ್ತು ದಿನಕ್ಕೆ ಕುಗ್ಗುತ್ತದೆ, ಏಕೆಂದರೆ ಗಾಳಿ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚಾಗಿ ಅನಿಲವೂ ಘಮವೂ ಒಟ್ಟಿಗೇ ಹಾರಿಹೋಗುತ್ತವೆ.

ಅಂಗಡಿಯ ಹಲಗೆಯ ಮೇಲೆ ಬರೆದ ಹೆಸರುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹಣ ವ್ಯರ್ಥವಾಗುವುದು ಇಲ್ಲೇ. ಅರೇಬಿಕಾ, ರೊಬಸ್ಟಾ ಎಂಬುವು ಕಾಫಿಯ ಎರಡು ಮುಖ್ಯ ಜಾತಿಗಳು. ಅರೇಬಿಕಾ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಕ್ಯೂರಿಂಗ್, ಅಂದರೆ ಬೀಜದ ಮೇಲಿನ ಒಣ ಹೊಟ್ಟು ತೆಗೆದು ಹಸನು ಮಾಡುವ ಕೆಲಸ, ಆದ ಮೇಲೆ ಅದೇ 'ಪ್ಲಾಂಟೇಶನ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರಿ. ರೊಬಸ್ಟಾದಲ್ಲೂ ಈ ಎರಡು ಬಗೆ ಇವೆ. ಎಎ, ಎ, ಬಿ, ಸಿ ಎಂಬುದು ಜರಡಿಯ ಗಾತ್ರ ಮತ್ತು ದೋಷಗಳ ಲೆಕ್ಕ, ರುಚಿಯ ಅಂಕವಲ್ಲ. ಒಳ್ಳೆಯ ತೋಟದ ಬಿ ಗ್ರೇಡು ಸಾಧಾರಣ ತೋಟದ ಎಎ ಗ್ರೇಡನ್ನು ಸುಲಭವಾಗಿ ಮೀರಿಸುತ್ತದೆ. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಬೆಳೆದದ್ದು. ಅದು ಸಮನಾಗಿ ಹುರಿಯುತ್ತದೆ ನಿಜ, ಆದರೆ 'ಪೀಬೆರಿ ಅಂದರೆ ಸ್ಟ್ರಾಂಗ್' ಎಂಬ ಮಾತಿಗೆ ಆಧಾರವಿಲ್ಲ. ತೀರಾ ಅಗ್ಗದ ಪುಡಿಯಲ್ಲಿ ಸಾಮಾನ್ಯವಾಗಿ ಬಿಟ್ಸ್, ಅಂದರೆ ಒಡೆದ ಚೂರುಗಳು, ಮತ್ತು ಹುರಿಯುವ ಮೊದಲೇ ಕೆಟ್ಟು ಕಪ್ಪಾದ ಬೀಜ ಇರುತ್ತವೆ. ಪುಡಿಯಾದ ಮೇಲೆ ಅದನ್ನು ಪತ್ತೆಹಚ್ಚುವುದು ಕಷ್ಟ, ಬೀಜ ಕೊಳ್ಳಲು ಇದೂ ಒಂದು ಕಾರಣ. ನನ್ನ ಮಿಶ್ರಣ 70 ಪಾಲು ಪ್ಲಾಂಟೇಶನ್ ಎ ಅಥವಾ ಬಿ, 30 ಪಾಲು ರೊಬಸ್ಟಾ ಪಾರ್ಚ್‌ಮೆಂಟ್. ಬರೀ ಅರೇಬಿಕಾ ಹಾಲಿನೊಳಗೆ ಮುಳುಗಿಹೋಗುತ್ತದೆ. ರೊಬಸ್ಟಾ ಆ ಗಟ್ಟಿತನ ಕೊಡುತ್ತದೆ.

ಬೀಜ ತಂದ ಕೂಡಲೇ ಒಂದು ಹಿಡಿಯನ್ನು ಬಿಳಿ ತಟ್ಟೆಯಲ್ಲಿ ಹರವಿ ನೋಡುತ್ತೇನೆ. ಉಳಿದವು ಕಂದು ಬಣ್ಣಕ್ಕೆ ತಿರುಗಿದ್ದರೂ ಕೆಲವು ಬೀಜ ಪೇಲವ ಹಳದಿಯಾಗಿಯೇ ಉಳಿದಿದ್ದರೆ ಅವು ಕಾಯಿಯಲ್ಲೇ ಕೊಯ್ದವು. ಅವುಗಳಿಂದ ಹಸಿ ಕಡಲೆಕಾಯಿಯ, ಒಣಹುಲ್ಲಿನ ರುಚಿ ಬರುತ್ತದೆ, ಆರಿಸಿ ಎಸೆಯುತ್ತೇನೆ. ಸೂಜಿ ಚುಚ್ಚಿದಂಥ ತೂತು ಕಾಯಿಕೊರಕದ್ದು. ಅಲ್ಲೊಂದು ಇಲ್ಲೊಂದು ಇದ್ದರೆ ಪರವಾಗಿಲ್ಲ, ಹಿಡಿಯಲ್ಲಿ ಹತ್ತಾರು ಸಿಕ್ಕರೆ ಆ ಅಂಗಡಿ ಬಿಡುವುದು ಒಳ್ಳೆಯದು. ಮೇಲ್ಮೈ ಮೇಲೆ ಎಣ್ಣೆ ಮಿನುಗುತ್ತಿದ್ದರೆ ತೀರಾ ಕಪ್ಪಗೆ ಹುರಿದಿದ್ದಾರೆ ಎಂದರ್ಥ. ಹೊರಬಂದ ಎಣ್ಣೆ ಬೇಗ ಕಮಟುತ್ತದೆ. ಫಿಲ್ಟರ್ ಕಾಫಿಗೆ ಎಣ್ಣೆ ಕಾಣಿಸುವ ಸ್ವಲ್ಪ ಮೊದಲೇ, ಹುರಿಯುವಾಗ ಬೀಜ ಎರಡನೇ ಸಲ ಚಿಟಪಟ ಸದ್ದು ಮಾಡಲು ಶುರುಮಾಡುವ ಹೊತ್ತಿಗೆ ಇಳಿಸಿದ ಬೀಜ ಸರಿ. ಗೋಣಿಚೀಲದ, ಮಣ್ಣಿನ, ಬೂಷ್ಟಿನ ವಾಸನೆ ಬಂದರೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಸರಿಯಾಗಿ ಒಣಗಿಸದ ಬೀಜದಲ್ಲಿ ಬೆಳೆಯುವ ಬೂಷ್ಟು ಆಕ್ರಾಟಾಕ್ಸಿನ್ ಎಂಬ ವಿಷ ಬಿಡಬಲ್ಲದು, ಹುರಿದಾಗ ಅದು ಪೂರ್ತಿ ನಾಶವಾಗುವುದಿಲ್ಲ.

ಚಿಕೋರಿ ಬಗ್ಗೆ. ಅದು ಒಂದು ಗಿಡದ ಬೇರು, ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ ಮತ್ತು ಮಂದತನ ಕೊಡುತ್ತದೆ, ಫಿಲ್ಟರಿನಲ್ಲಿ ಊದಿಕೊಂಡು ನೀರು ನಿಧಾನ ಇಳಿಯುವಂತೆ ಮಾಡುತ್ತದೆ. ನಮ್ಮ ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪಾಲಿಗಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು. ಅಂದರೆ 'ಕಾಫಿ ಪುಡಿ' ಎಂದು ನಾವು ತರುವುದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬೇರಿನ ಪುಡಿ ಇದ್ದರೂ ಅದು ಕಾನೂನುಬದ್ಧವೇ, ಸಣ್ಣಕ್ಷರ ಓದಬೇಕು. ಬಿಡಿಯಾಗಿ ತಂದ ಪುಡಿಯಾದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಅರ್ಧ ಚಮಚ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಎಳೆ ಬಿಡುತ್ತ ತಳ ಸೇರುತ್ತದೆ. ನಾನು 85ಕ್ಕೆ 15 ಹಾಕುತ್ತೇನೆ, ಅದಕ್ಕಿಂತ ಹೆಚ್ಚು ಬೇಡ. ಹುರಿದ ಚಿಕೋರಿಯಲ್ಲಿ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಕಾಫಿಗಿಂತ ಹೆಚ್ಚಿರುತ್ತದೆ. ಯುರೋಪಿನ ನಿಯಮದಲ್ಲಿ ಅದರ ಮಾನದಂಡ ಹುರಿದ ಕಾಫಿಗೆ ಕಿಲೋಗೆ 400 ಮೈಕ್ರೋಗ್ರಾಂ, ಬರೀ ಚಿಕೋರಿ ಪುಡಿಗೆ 4,000. ಹೆದರಬೇಕಿಲ್ಲ, ಆದರೆ ಅರ್ಧ ಲೋಟ ಚಿಕೋರಿ ಕುಡಿಯುವ ಕಾರಣವೂ ಇಲ್ಲ.

ಬೀಜವನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡುತ್ತೇನೆ. ಡಬ್ಬಿ ದೊಡ್ಡದಾಗಿರಬಾರದು, ಖಾಲಿ ಜಾಗವೆಂದರೆ ಗಾಳಿ. ಫ್ರಿಜ್ಜಿನಲ್ಲಿ ಇಡಬೇಡಿ. ದಿನವೂ ತೆಗೆದು ಇಟ್ಟಾಗ ತಣ್ಣಗಿನ ಬೀಜದ ಮೇಲೆ ತೇವ ಕೂರುತ್ತದೆ, ಈರುಳ್ಳಿ, ಸಾರಿನ ವಾಸನೆಯೂ ಹಿಡಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇನ್ನೂ ಕಷ್ಟ. ಊರಿಂದ ಒಂದು ಕಿಲೋ ತಂದುಕೊಂಡವರು, ವಿದೇಶಕ್ಕೆ ಒಯ್ಯುವವರು ಫ್ರೀಜರ್ ಬಳಸಬಹುದು. 100 ಗ್ರಾಂನಂತೆ ಬಿಗಿಯಾಗಿ ಪೊಟ್ಟಣ ಕಟ್ಟಿ, ಬೇಕಾದಾಗ ಒಂದನ್ನು ಹೊರತೆಗೆದು, ಪೂರ್ತಿ ಚಳಿ ಬಿಟ್ಟ ಮೇಲೆಯೇ ಬಿಚ್ಚಬೇಕು. ಬಿಚ್ಚಿದ್ದನ್ನು ಮತ್ತೆ ಒಳಗಿಡಬಾರದು.

ಪುಡಿ ಸಣ್ಣ ರವೆಗಿಂತ ನುಣ್ಣಗೆ, ಮೈದಾಕ್ಕಿಂತ ತರಿಯಾಗಿ ಇರಬೇಕು. ಕೈಯಲ್ಲಿ ತಿರುಗಿಸುವ ಗ್ರೈಂಡರಿನಲ್ಲಿ ಕಾಳುಗಳು ಒಂದೇ ಸಮ ಬರುತ್ತವೆ. ಮಿಕ್ಸಿಯಾದರೆ ಚಟ್ನಿ ಜಾರಿಗೆ 40 ಗ್ರಾಂ ಹಾಕಿ, ಐದೈದು ಸೆಕೆಂಡು ತಿರುಗಿಸಿ, ನಡುವೆ ಜಾರನ್ನು ಅಲ್ಲಾಡಿಸಬೇಕು. ಒಂದೇ ಉಸಿರಿಗೆ ಓಡಿಸಿದರೆ ಬ್ಲೇಡಿನ ಬಿಸಿಗೆ ಘಮ ಜಾರಿನಲ್ಲೇ ಕಳೆದುಹೋಗುತ್ತದೆ. ಮಸಾಲೆಯ ವಾಸನೆ ಇದ್ದರೆ ಮೊದಲು ಒಂದು ಚಮಚ ಅಕ್ಕಿ ತಿರುಗಿಸಿ ಒಣಬಟ್ಟೆಯಲ್ಲಿ ಒರೆಸಿ.

ಮೂರು ಲೋಟಕ್ಕೆ ನನ್ನ ಅಳತೆ 30 ಗ್ರಾಂ ಪುಡಿ, 150 ಮಿ.ಲೀ. ನೀರು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗೆ ಸಿಗುವುದು 90 ಮಿ.ಲೀ. ಡಿಕಾಕ್ಷನ್, ಲೋಟಕ್ಕೆ 30. ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ಪುಡಿ ಹಾಕಿ, ಪಕ್ಕಕ್ಕೆ ತಟ್ಟಿ ಸಮ ಮಾಡಿ, ಹಿಡಿಯಿರುವ ತೂತಿನ ತಟ್ಟೆಯನ್ನು ಅದರ ಭಾರಕ್ಕೆ ಬಿಟ್ಟು ಕೊಂಚವೇ ಒತ್ತುತ್ತೇನೆ. ನೀರು ಕುದಿದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು, ಮೊದಲು 30 ಮಿ.ಲೀ. ಸುತ್ತಲೂ ಸುರಿದು ಮುಕ್ಕಾಲು ನಿಮಿಷ ಕಾಯುತ್ತೇನೆ. ಪುಡಿ ಉಬ್ಬಿ ಗುಳ್ಳೆ ಬಂದರೆ ತಾಜಾ. ಏನೂ ಆಗದೆ ಸುಮ್ಮನೆ ಒದ್ದೆಯಾದರೆ ಹಳೆಯದು. ಇದಕ್ಕಿಂತ ಸುಲಭ ಪರೀಕ್ಷೆ ಇನ್ನೊಂದಿಲ್ಲ. ಉಳಿದ ನೀರು ಹಾಕಿ ಮುಚ್ಚಿದರೆ 15ರಿಂದ 25 ನಿಮಿಷದಲ್ಲಿ ಇಳಿದಿರುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಕಾಫಿ ಸಪ್ಪೆ, ಲವಣವೆಲ್ಲ ತೆಗೆದ ಆರ್‌ಒ ನೀರಿನಲ್ಲಿ ಹುಳಿ. ಬೋರ್‌ವೆಲ್ ಇರುವಲ್ಲಿ ಎರಡನ್ನೂ ಅರ್ಧರ್ಧ ಬೆರೆಸುತ್ತೇನೆ.

ಐದೇ ನಿಮಿಷದಲ್ಲಿ ಇಳಿದು ನೀರಾಗಿದ್ದರೆ ಪುಡಿ ತರಿ, ಅಥವಾ ತಟ್ಟೆ ಒತ್ತಿಲ್ಲ. ಗಂಟೆಯಾದರೂ ಇಳಿಯದಿದ್ದರೆ ಕಾರಣ ಮೂರರಲ್ಲೊಂದು. ಪುಡಿ ತೀರಾ ನುಣ್ಣಗಿದೆ, ಚಿಕೋರಿ ಹೆಚ್ಚಿದೆ, ಇಲ್ಲವೇ ಎರಡು ಪಾತ್ರೆಗಳ ನಡುವೆ ಗಾಳಿ ಸಿಕ್ಕಿಕೊಂಡಿದೆ. ಮೂರನೆಯದಾದರೆ ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಕೂರಿಸಿದ ತಕ್ಷಣ ತೊಟ್ಟಿಕ್ಕಲು ಶುರುವಾಗುತ್ತದೆ. ಫಿಲ್ಟರಿನ ತಲೆಯ ಮೇಲೆ ಬಡಿಯುವುದರಿಂದ ನುಣುಪು ಪುಡಿ ತೂತಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸ್ಟೀಲ್ ಫಿಲ್ಟರಿನ ತೂತಿನ ಭಾಗವನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಾಯಿಸಿ, ಆರಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿದರೆ ಕಟ್ಟಿದ್ದೆಲ್ಲ ಬೂದಿಯಾಗಿ ಉದುರುತ್ತದೆ. ಕಲಾಯಿ ಇರುವ ಹಿತ್ತಾಳೆ ಫಿಲ್ಟರಿಗೆ ಇದನ್ನು ಮಾಡಬೇಡಿ, ಕಲಾಯಿ ಕರಗುತ್ತದೆ.

ಡಿಕಾಕ್ಷನ್ ಅನ್ನು ಎಂದೂ ಒಲೆಯ ಮೇಲಿಡುವುದಿಲ್ಲ. ಕುದಿಸಿದರೆ ಘಮ ಹೋಗುವುದಲ್ಲದೆ ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಒಡೆದು ನಾಲಿಗೆ ಒಗರಾಗುತ್ತದೆ. ಬಿಸಿ ಬರಬೇಕಾದದ್ದು ಹಾಲಿನಿಂದ. ಮುಚ್ಚಿಟ್ಟರೆ ಎರಡು ಮೂರು ಗಂಟೆ ಚೆನ್ನಾಗಿರುತ್ತದೆ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ತೆಗೆಯುವ ಎರಡನೇ ಡಿಕಾಕ್ಷನ್ ಬರೀ ಕಹಿ, ಅದನ್ನು ಕುಡಿಯಲು ಮತ್ತೆ ಸಕ್ಕರೆ ಬೇಕು. ಬೆರೆಸಿದ ಕಾಫಿಯನ್ನು ಲೋಟದಿಂದ ಲೋಟಕ್ಕೆ ಎರಡು ಮೂರು ಸಲ ಎತ್ತಿ ಹೊಯ್ಯುವುದು ನೊರೆಗೆ ಮಾತ್ರವಲ್ಲ, ಬಿಸಿ ತಗ್ಗಲಿಕ್ಕೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ಕಾಫಿಯನ್ನು ಕ್ಯಾನ್ಸರ್ ಶಂಕಿತರ ಪಟ್ಟಿಯಿಂದ ಕೈಬಿಟ್ಟಿತು, ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯಕಾರಿಯಾಗಿರಬಹುದು ಎಂದಿತು. ತುಟಿ ಸುಡುವ ಕಾಫಿ ಬೇಡ.

ಕೆಫೀನಿನ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ಅರೇಬಿಕಾದಲ್ಲಿ ತೂಕದ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ 2.2. ನನ್ನ 70–30 ಮಿಶ್ರಣದಲ್ಲಿ 1.5 ಆಯಿತು. 30 ಗ್ರಾಂ ಪುಡಿಯಲ್ಲಿ ಚಿಕೋರಿ ಕಳೆದು ಕಾಫಿ 25.5 ಗ್ರಾಂ, ಅದರಲ್ಲಿ ಕೆಫೀನ್ ಸುಮಾರು 380 ಮಿ.ಗ್ರಾಂ. ಮೂರನೇ ಎರಡು ಭಾಗ ಡಿಕಾಕ್ಷನ್‌ಗೆ ಇಳಿಯಿತು ಎಂದಿಟ್ಟುಕೊಂಡರೆ ಲೋಟಕ್ಕೆ ಸುಮಾರು 85 ಮಿ.ಗ್ರಾಂ. ಪೂರ್ತಿ ರೊಬಸ್ಟಾ ಆಗಿದ್ದರೆ ಅದೇ ಲೋಟದಲ್ಲಿ 125 ಇರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 300 ಮಿ.ಗ್ರಾಂ ಮೀರಬೇಡಿ ಎನ್ನುತ್ತದೆ. ಅಂದರೆ ನನ್ನ ಅಳತೆಯಲ್ಲಿ ಮೂರು ಲೋಟ, ರೊಬಸ್ಟಾದವರಿಗೆ ಎರಡು. ಚಹಾದ ಕೆಫೀನೂ ಇದರಲ್ಲೇ ಸೇರಬೇಕು. ಗರ್ಭಿಣಿಯರಿಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ 200. ಆ ಸಮಯದಲ್ಲಿ ಕೆಫೀನ್ ದೇಹದಿಂದ ಹೊರಹೋಗುವುದು ತುಂಬ ನಿಧಾನ. ಉಳಿದವರಲ್ಲೂ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆ ಐದರ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ನಿದ್ದೆ ಸರಿಯಿಲ್ಲದವರು ಮೊದಲು ಆ ಲೋಟ ಬಿಡಲಿ. ಒಮ್ಮೆಲೇ ಎಲ್ಲ ಬಿಟ್ಟರೆ ಮರುದಿನ ತಲೆ ಸಿಡಿಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗದಂತೆ ಇಳಿಸಬೇಕು.

ಲೋಟಕ್ಕೆ ಎರಡು ಚಮಚದಂತೆ ಮೂರು ಲೋಟಕ್ಕೆ ಸಕ್ಕರೆ 25 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎನ್ನುವ ಪ್ರಮಾಣ ಅಷ್ಟೇ. ಮಲೆನಾಡಿನ ಬೆಲ್ಲದ ಕಾಫಿ ರುಚಿಯಲ್ಲಿ ಬೇರೆ, ರಕ್ತದ ಸಕ್ಕರೆಯ ವಿಷಯದಲ್ಲಿ ಬೇರೆಯಲ್ಲ. ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಮತ್ತು ಯಕೃತ್ತಿನ ಕಾಯಿಲೆ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅವೆಲ್ಲ ಜನರನ್ನು ಗಮನಿಸಿ ಬರೆದ ಲೆಕ್ಕಗಳು, ಔಷಧಿಯ ಚೀಟಿಯಲ್ಲ.

ಹೊತ್ತಿನ ವಿಷಯವೂ ಅಷ್ಟೇ ಮುಖ್ಯ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಾಂಶಗಳು ತಡೆಯುತ್ತವೆ. ತಿಂಡಿಯ ಜೊತೆಗೆ, ಊಟವಾದ ಕೂಡಲೇ ಕುಡಿಯುವ ಅಭ್ಯಾಸ ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ. ಥೈರಾಯ್ಡ್ ಮಾತ್ರೆ ನುಂಗಿದವರು ಕಾಫಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಬೇಕು, ಇಲ್ಲದಿದ್ದರೆ ಮಾತ್ರೆ ಪೂರ್ತಿ ಹೀರಲ್ಪಡುವುದಿಲ್ಲ.

ಇನ್ನು ಕೊಲೆಸ್ಟ್ರಾಲ್. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಪುಡಿಯನ್ನು ನೀರಲ್ಲಿ ಕುದಿಸಿ, ಚರಟ ತಳಕ್ಕಿಳಿದ ಮೇಲೆ ಬಗ್ಗಿಸಿಕೊಳ್ಳುವ ಕಾಫಿಯಲ್ಲಿ ಇದು ಹೆಚ್ಚು, ಕಾಗದದಲ್ಲಿ ಸೋಸಿದ್ದರಲ್ಲಿ ತೀರಾ ಕಡಿಮೆ. ಕೊಲೆಸ್ಟ್ರಾಲ್ ಹೆಚ್ಚಿರುವವರಿಗಾಗಿ ಮಾಡುವಾಗ ಅಂಗಡಿಯಲ್ಲಿ ಸಿಗುವ ಕಾಫಿ ಸೋಸುವ ಕಾಗದವನ್ನು ಫಿಲ್ಟರಿನ ತಳದ ಅಳತೆಗೆ, ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಮೇಲೇಳುವಂತೆ ದುಂಡಗೆ ಕತ್ತರಿಸಿ, ಬಿಸಿನೀರಲ್ಲಿ ತೊಯ್ಯಿಸಿ ತೂತುಗಳ ಮೇಲೆ ಕೂರಿಸಿ ಅದರ ಮೇಲೆ ಪುಡಿ ಹಾಕುತ್ತೇನೆ. ಕಾಗದ ಇದ್ದಾಗ ಇಳಿಯುವುದು ನಿಧಾನ, ಹಾಗಾಗಿ ಪುಡಿಯನ್ನು ಒಂದು ಹಂತ ತರಿ ಮಾಡಿ, ಚಿಕೋರಿಯನ್ನು ಪೂರ್ತಿ ಬಿಟ್ಟು, ತಟ್ಟೆಯನ್ನು ಒತ್ತದೆ ಸುಮ್ಮನೆ ಮೇಲಿಡಬೇಕು.